ತೋಳಿನ ಬಟ್ಟೆ

ಕುಮಟಾದ ಟೈಲರ್ ಅಂಗಡಿಯ ಬೆಂಚಿನಲ್ಲಿ ಕಾಯುತ್ತಿದ್ದೆ. ಐವತ್ತರ ಆಸುಪಾಸಿನ ಹೆಂಗಸೊಬ್ಬರು ತಮ್ಮ ಹೊಸ ರವಿಕೆ ಒಯ್ಯಲು ಬಂದರು. ಅದೇ ಬಟ್ಟೆಯ ರವಿಕೆ ಹಿಡಿದು ಅವರ ಗೆಳತಿ ಮೊದಲೇ ಅಲ್ಲಿ ನಿಂತಿದ್ದರು.

“ಅಮಿತಕ್ಕಾ, ನಿಂದು ಹೋದ ವಾರವೇ ಆತಲ್ಲ? ಮತ್ತೆಂತಕೆ ಬಂದೆ?”

“ತೋಳು ಹಚ್ಚಿಸುವಾ ಅಂತ, ಕಲ್ಪನಾ.”

“ದೀಪಾನ ಐವತ್ತನೇ ಬರ್ತ್‌ಡೇ ಪಾರ್ಟಿಗೆ ಇಬ್ಬರೂ ಸ್ಲೀವ್‌ಲೆಸ್ ಹಾಕುವಾ ಅಂದವಳು ನೀನೇ. ನಾನು ಬೇಡ ಬೇಡ ಅಂದಿದ್ದೆ.”

“ಸೊಸೆ ನೋಡಿ ನಕ್ಕಳು, ಮಾರಾಯ್ತಿ.”

“ನಂಗೆ ಯಾವಾಗ ಹೇಳ್ತಿದ್ದೆ?”

“ನಾಳೆ...”

“ನಾಳೆಯೇ ಪಾರ್ಟಿ. ಹಾಲ್‌ನಲ್ಲಿ, ಎಲ್ಲರ ಎದುರಿಗಾ?”

ಅಮಿತಕ್ಕ ರವಿಕೆಯನ್ನು ಟೈಲರ್ ಕಡೆ ಚಾಚಿದರು. ಇದೇ ಬಟ್ಟೆ ಸ್ವಲ್ಪ ಉಳಿದಿದೆಯೇ ಎಂದು ಟೈಲರ್ ಕೇಳಿದ.

“ಇಲ್ಲ, ಅದರಲ್ಲಿ ಪರ್ಸ್ ಹೊಲಿಸಿಬಿಟ್ಟೆ.”

ಕಲ್ಪನಾ ಟೈಲರ್ ಕೊಟ್ಟ ತಮ್ಮ ಪೊಟ್ಟಣ ಬಿಚ್ಚಿ, ರವಿಕೆ ಹೊಲಿದು ಉಳಿದಿದ್ದ ತುಂಡನ್ನು ಮೇಜಿನ ಮೇಲಿಟ್ಟರು.

“ತಕೊ, ನನ್ನ ತೋಳಿನ ಬಟ್ಟೆ. ಇದನ್ನೇ ಹಚ್ಚಿಸ್ಕೊ.”

“ಮತ್ತೆ ನಿಂಗೆ?”

“ನಾ ಹೀಂಗೇ ಬರ್ತೆ. ನನ್ನ ಪಕ್ಕ ಮಾತ್ರ ಕೂರಬೇಡ.”

ಕಲ್ಪನಾ ಮೆಟ್ಟಿಲಿಳಿದು ಹೋದರು. ಟೈಲರ್ ಟೇಪು ಹಿಡಿದು, ತೋಳು ಎಷ್ಟು ಉದ್ದ ಬೇಕೆಂದು ಅಮಿತಕ್ಕನನ್ನು ಎರಡು ಸಲ ಕೇಳಿದ.