ಮೈಕು ಜನರ ಕಡೆ ತಿರುಗುವ ಹಾಡು

ಸಂಜೆ ಆ ಪುಟ್ಟ ಕ್ಲಬ್ಬಿನ ಬಾಗಿಲು ತೆರೆಯಲೆಂದು ಜನ ಕಾಯುತ್ತಿದ್ದರು. ಹಳೆಯ ರಾಕ್ ತಂಡದ ಹಾಡು ಕೇಳಲು ಬಂದಿದ್ದ ದರ್ಜಿಯ ಮುಂದೆ ಸಾಲಿನಲ್ಲಿ ತಾಯಿ ಮಗಳು ನಿಂತಿದ್ದರು. ತಾಯಿಯ ಕೊರಳಿಗೆ ಸ್ಕಾರ್ಫು, ಮಾತೆಲ್ಲ ಬರೀ ಉಸಿರು.

"ಮನೆಗೆ ಹೋಗೋಣ ಕಣೇ."

"ಹೊಳೆಗೆ ಬಂದು ಕಾಲು ನೆನೆಸದೆ ಹೋಗೋದಾ?"

"ಕೊನೇ ಹಾಡಲ್ಲಿ ಆ ಹಾಡುಗಾರ ಸುಮ್ಮನಾಗಿ ಮೈಕು ಜನರ ಕಡೆ ಹಿಡೀತಾನೆ. ಎಲ್ಲರೂ ಹಾಡೋವಾಗ ನಾನು ಮೂಕಿ ಥರ ನಿಲ್ಲಲಾ?"

"ಗಂಟಲಿನ ಆಪರೇಷನ್ ಆಗಿದೆ ಅಮ್ಮ. ನೀನು ಹಾಡದಿದ್ರೆ ಯಾರಿಗೆ ಗೊತ್ತಾಗುತ್ತೆ?"

"ದೊಡ್ಡ ಮೈದಾನ ಆಗಿದ್ರೆ ಸರಿ. ಇಲ್ಲಿ ಅವನ ಮೂಗಿನ ಕೆಳಗೇ ನಿಂತಿರ್ತೀವಿ."

"ಅವನು ಯಾಕೆ ಸುಮ್ಮನಾಗ್ತಾನೆ ಹೇಳು? ಆ ಮೇಲಿನ ಸ್ವರ ಈಗ ಅವನಿಗೂ ಹತ್ತಲ್ಲ."

"ಬಾಯಿ ಮುಚ್ಚೇ! ಅದು ಜನರ ಮೇಲಿನ ಪ್ರೀತಿ."

"ಹಳೇ ರೆಕಾರ್ಡಲ್ಲೆಲ್ಲ ಆ ಸಾಲು ತಾನೇ ಹಾಡಿದ್ದಾನೆ. ನೀನೇ ಕೇಳಿಸಿದ್ದಲ್ವಾ?"

ತಾಯಿ ಕೊರಳಿನ ಸ್ಕಾರ್ಫಿನ ಮೇಲೆ ಕೈಯಿಟ್ಟಳು.

"ಪಾಪ, ಅವನಿಗೂನಾ?"

"ಹೂಂ, ಅವನಿಗೂ."

"ಹಾಗಿದ್ರೆ ಮುಂದೇನೇ ನಿಲ್ಲೋಣ. ನಾನು ಬಾಯಾದರೂ ಆಡಿಸ್ತೀನಿ, ನೀನು ಗಟ್ಟಿಯಾಗಿ ಹಾಡು. ಅಷ್ಟು ವರ್ಷ ನಮಗೆ ಹಾಡಿದೋನು, ಆ ಗಳಿಗೇಲಿ ಒಂಟಿ ಆಗಬಾರದು."

ಬಾಗಿಲು ತೆರೆಯಿತು. ತಾಯಿ ಮಗಳನ್ನು ಎಳೆದುಕೊಂಡೇ ಒಳಗೆ ನಡೆದಳು. ಹಿಂದೆ ಎಲ್ಲ ಕೇಳಿಸಿಕೊಂಡಿದ್ದ ದರ್ಜಿಯೂ ಹಾಡಲೆಂದು ಮೆಲ್ಲಗೆ ತನ್ನ ಗಂಟಲು ಸರಿಮಾಡಿಕೊಂಡ.