ಲೋಟ ಹಿಡಿಯೋಕೆ ಯಾರು ಕಲಿಸಿದ್ದು?

ಇಲ್ಲ ಅತ್ತೆ, ಏಳಬೇಡಿ. ಕೂತ್ಕೊಳ್ಳಿ... ಮಗೂನ ತೊಡೆ ಮೇಲೇ ಇಟ್ಕೊಂಡಿರಿ, ನಾನೇನೂ ಕಿತ್ಕೊಳ್ಳಲ್ಲ. ಆ ಲೋಟಾನ ಸೆರಗೊಳಗೆ ಮುಚ್ಚಿಡಬೇಡಿ ಮಾತ್ರ. ನೋಡಿದ್ದಾಯ್ತು! ಬಾಗಿಲಲ್ಲಿ ಚಪ್ಪಲಿ ಬಿಡೋವಾಗ್ಲೇ ನೋಡಿದೆ. ನನ್ನ ಮಗ ವಂಶಿ, ಎಂಟು ತಿಂಗಳ ಕೂಸು, ಎರಡು ಕೈಲೂ ಬೆಳ್ಳಿ ಲೋಟ ತಬ್ಬಿಕೊಂಡು ಕುಡೀತಾ ಕೂತಿದ್ದಾನೆ. ಒಳಲೆ ಅಲ್ಲ, ಚಮಚ ಅಲ್ಲ... ಲೋಟ!

ಕಾಲೇಜಲ್ಲಿ ಪರೀಕ್ಷೆ ಕೆಲಸ ಬೇಗ ಮುಗೀತು, ಬಂದ್ಬಿಟ್ಟೆ. ಇಲ್ದಿದ್ರೆ ನಾನು ಶೇಷಾದ್ರಿಪುರಂ ಬಿಟ್ಟು, ಮೆಜೆಸ್ಟಿಕ್‌ನಲ್ಲಿ ಬಸ್ಸು ಬದಲಾಯಿಸಿ, ಚಾಮರಾಜಪೇಟೆ ಸೇರೋ ಹೊತ್ತಿಗೆ ಲೋಟ ತೊಳೆದು ಬೋರಲು ಹಾಕಿರ್ತಿದ್ರಿ. ನಂಗೆ ಏನೂ ಗೊತ್ತಾಗ್ತಾನೇ ಇರ್ಲಿಲ್ಲ. ಅಲ್ವಾ?

ಬೇಡ, ಬಾಯಿ ಬಿಡಬೇಡಿ. ಗೊತ್ತು. ಬೆಳಿಗ್ಗೆ ದವಡೆ ಹಲ್ಲು ಕೀಳಿಸ್ಕೊಂಡು ಬಂದಿದೀರ, ಹತ್ತಿ ಕಚ್ಕೊಂಡಿದೀರ, ಮಾತಾಡಬಾರದು ಅಂದಿದ್ದಾರೆ. ಎಷ್ಟು ಅನುಕೂಲ ಆಯ್ತು ನೋಡಿ ನಿಮಗೆ! ಪರ್ವಾಗಿಲ್ಲ, ತಲೆ ಆಡಿಸಿ. ಹೌದು ಅಂದ್ರೆ ಹೌದು, ಇಲ್ಲ ಅಂದ್ರೆ ಇಲ್ಲ. ಮಾವನವರು ಬರೋಕೆ ಇನ್ನೂ ಹೊತ್ತಿದೆ, ನಾವಿಬ್ಬರೇ ಇರೋದು. ಕೇಳ್ತೀನಿ, ಹೇಳಿ.

ಇವತ್ತೇ ಮೊದಲನೇ ಸಲಾನಾ?

...ಹೌದಾ? ಹೌದು ಅಂತೀರಾ! ಅತ್ತೆ, ಮೊದಲನೇ ಸಲ ಲೋಟ ಕಂಡ ಮಗು ಹೀಗೆ ಕುಡಿಯತ್ತಾ? ಅಂಚು ಕಚ್ಚತ್ತೆ. ಮೂಗಿಗೆ ಸುರ್ಕೊಂಡು ಕೆಮ್ಮತ್ತೆ. ಲೋಟ ತಲೆಕೆಳಗು ಮಾಡಿ ನೆಲ ಕುಟ್ಟತ್ತೆ. ಇವನು... ಒಂದು ಗುಟುಕು ಹಾಕಿದ, ನಿಲ್ಲಿಸಿದ, ಉಸಿರು ತಗೊಂಡ, ಮತ್ತೆ ಒಂದು ಗುಟುಕು. ಕಾಫಿ ಕುಡಿಯೋ ಯಜಮಾನರ ಹಾಗೆ! ಅಂಗಿ ಮೇಲೆ ಒಂದು ಹನಿ ಚೆಲ್ಲಿಲ್ಲ.

ಯಾಕೆ ನಗ್ತಿದೀರ? ನಗು ಬರತ್ತಾ ಇದಕ್ಕೆ?

ನಂಗೆ ಅನುಮಾನ ಇವತ್ತಿಂದಲ್ಲ. ಬೆಳಿಗ್ಗೆ ನಾನು ಹಾಕಿ ಹೋದ ಅಂಗಿ ಸಂಜೆ ಇರಲ್ಲ, ಬೇರೆ ಇರತ್ತೆ. ಕೇಳಿದ್ರೆ ‘ಜೊಲ್ಲು ಸುರಿಸ್ಕೊಂಡ’ ಅಂತೀರಿ. ಅಷ್ಟೊಂದು ಜೊಲ್ಲಾ! ಆಮೇಲೆ ಅಡುಗೆಮನೇಲಿ, ಅಕ್ಕಿ ಡಬ್ಬದ ಹಿಂದೆ, ಹಳೇ ಟವಲ್ ಸುತ್ತಿಟ್ಟ ಹಾಲಿನ ಪುಡಿ ಡಬ್ಬ. ಹಾಂ, ಅದನ್ನೂ ನೋಡಿದೀನಿ. ಹೋದ ಭಾನುವಾರ ಅಕ್ಕಿ ಅಳೆಯೋಕೆ ಹೋದಾಗ ಕೈಗೆ ತಗುಲ್ತು. ಅರ್ಧ ಖಾಲಿ. ನಾನು ಬಾಯಿಬಿಡ್ಲಿಲ್ಲ. ನೋಡೋಣ, ಎಲ್ಲಿ ತನಕ ಹೋಗತ್ತೆ ನೋಡೋಣ ಅಂತ ಸುಮ್ಮನಿದ್ದೆ.

ಮತ್ತೆ ಆ ಚಂದಮಾಮ! ದಿನಾ ಸಂಜೆ ನಾನು ಕುಡಿಸಿ ರೂಮಿಂದ ಆಚೆ ಬರ್ತಿದ್ದ ಹಾಗೇ, ‘ಬಾರೋ ರಾಜ, ಚಂದಮಾಮ ನೋಡೋಣ’ ಅಂತ ಕಂಕುಳಿಗೆ ಹಾಕ್ಕೊಂಡು ಮಹಡಿ ಹತ್ತಿಬಿಡ್ತೀರಿ. ಅಳ್ತಾ ಹೋದ ಮಗು ನಿದ್ದೆ ಮಾಡ್ಕೊಂಡು ಇಳಿಯತ್ತೆ. ಯುಗಾದಿ ಹಿಂದಿನ ದಿನಾನೂ ಹತ್ತಿದ್ರಿ. ಅವತ್ತು ಅಮಾವಾಸ್ಯೆ ಅತ್ತೆ! ಯಾವ ಚಂದಮಾಮನ್ನ ತೋರಿಸಿದ್ರಿ?

...ನೆಲ ನೋಡಬೇಡಿ. ನನ್ನ ನೋಡಿ.

ಡಾಕ್ಟ್ರು ಹೇಳಿದ್ದು ಏನು? ನೀವೂ ಪಕ್ಕದಲ್ಲೇ ಕೂತಿದ್ರಲ್ಲ. ‘ಗಟ್ಟಿ ಆಹಾರ ಶುರು ಮಾಡಿದೀರಿ, ಊಟದ ಜೊತೆ ಕುದಿಸಿ ಆರಿಸಿದ ನೀರು ಎರಡು ಗುಟುಕು ಕೊಡಿ. ಬಾಟ್ಲಿ ಬೇಡ, ಲೋಟದಲ್ಲೇ ಅಭ್ಯಾಸ ಮಾಡಿಸಿ, ಚೆಲ್ಲಿದ್ರೂ ಪರ್ವಾಗಿಲ್ಲ.’ ಅಷ್ಟೇ ಅಂದಿದ್ದು. ನಾನು ಲೋಟ, ನೀರು ಇನ್ನೂ ಬೇಡ ಅಂದೆ. ತಾಯಿ ನಾನು, ಬೇಡ ಅಂದೆ. ಹಲ್ಲು ಪೂರ್ತಿ ಬರಲಿ, ವರ್ಷ ತುಂಬಲಿ, ನಿಧಾನಕ್ಕೆ ಕೊಡೋಣ ಅಂದೆ. ನೀವು ‘ಆಗ್ಲಮ್ಮ’ ಅಂದ್ರಿ. ಅಂದು... ಬೆನ್ನ ಹಿಂದೆ ನೀರು, ಹಾಲು, ಇನ್ನೂ ಏನೇನು ಕೊಡ್ತಿದೀರೋ ಆ ದೇವರಿಗೇ ಗೊತ್ತು!

ಯಾಕೆ ಅಂತ ನಾನೇ ಹೇಳ್ಲಾ? ನಂಗೆ ಅರ್ಥ ಆಗಲ್ಲ ಅಂದ್ಕೊಂಡಿದೀರಾ? ಮಗು ಲೋಟದಲ್ಲಿ ಕುಡಿಯೋದು ಕಲಿತ್ರೆ ಅಮ್ಮ ಬೇಕಾಗಿಲ್ಲ. ಅಜ್ಜಿ ಸಾಕು. ಆಮೇಲೆ ಒಂದು ದಿನ ನಿಮ್ಮ ಮಗನ ಎದುರಿಗೆ, ‘ನೋಡೋ ಶ್ರೀಹರಿ, ಇವಳು ಕೆಲಸ ಕೆಲಸ ಅಂತ ಹೋದಳು, ಮಗು ಎದೆಹಾಲು ಬಿಟ್ಟೇಬಿಡ್ತು’ ಅಂತ... ಪಕ್ಕದ ಮನೆ ಲಕ್ಷ್ಮೀದೇವಮ್ಮ ಅವತ್ತೇ ಅಂದಿದ್ದರಲ್ಲ! ಸಂಕ್ರಾಂತಿ ಎಳ್ಳು ಬೀರೋಕೆ ಬಂದವರು, ನಾನು ಮತ್ತೆ ಕೆಲಸಕ್ಕೆ ಹೋಗ್ತೀನಿ ಅಂತ ಕೇಳಿದ ತಕ್ಷಣ, ಗಲ್ಲದ ಮೇಲೆ ಬೆರಳಿಟ್ಟು, ‘ಹೊತ್ತುಹೊತ್ತಿಗೆ ಕುಡಿಸದೇ ಇದ್ರೆ ಹಾಲು ಬತ್ತಿಹೋಗತ್ತೆ, ಆಮೇಲೆ ಅತ್ತರೆ ಬರಲ್ಲ’ ಅಂದ್ರು. ನಿಮ್ಮ ಮಗ ತಕ್ಷಣ, ‘ಹಾಗೇನಾದ್ರೂ ಆದ್ರೆ ರಾಜೀನಾಮೆ ಕೊಟ್ಬಿಡು ಸುಪ್ರಜಾ’ ಅಂದ್ರು. ನಾನು ಎಲ್ಲರ ಮುಂದೆ, ಆಗಲ್ಲ, ಹಾಗಾಗಲ್ಲ, ನಾನು ನೋಡ್ಕೋತೀನಿ ಅಂದೆ. ನೀವು ಅವತ್ತೂ ಹೀಗೇ ಸುಮ್ಮನೆ ಕೂತಿದ್ರಿ. ಅವತ್ತು ಬಾಯಲ್ಲಿ ಹತ್ತಿ ಇರ್ಲಿಲ್ಲ!

ನಾನು ನೋಡ್ಕೋತಿಲ್ವಾ ಈಗ? ಬಸ್ಸಿಳಿದು ಓಡಿ ಬರಲ್ವಾ? ಕಾಲು ತೊಳ್ಕೊಂಡು ಮೊದಲು ಮಗೂನೇ ಎತ್ಕೊಳ್ಳಲ್ವಾ? ಅರ್ಧ ಗಂಟೆ ಕೂತು ಕುಡಿಸ್ತೀನಿ. ನನ್ನ ಹತ್ರ ಹಾಲಿಲ್ವಾ? ಇದೆ. ಬೇಕಾದಷ್ಟಿದೆ!

ಏನು? ಏನು ತೋರಿಸ್ತಿದೀರಿ... ರೂಮಿನ ಬಾಗಿಲಾ?

ಯಾಕೆ ಹಾಕ್ಕೋತೀನಿ ಅಂತಾನಾ? ಮಾವನವರು ನಡುಮನೇಲಿ ಪೇಪರ್ ಓದ್ತಿರ್ತಾರೆ, ಇನ್ನೇನು ತೆರೆದಿಡ್ಲಾ? ರೇಡಿಯೋ... ಮಗೂಗೆ ಹಾಡು ಇಷ್ಟ, ಅದಕ್ಕೇ ಜೋರಾಗಿ ಹಾಕ್ತೀನಿ. ಅಳ್ತಾನಾ? ಅಳ್ತಾನೆ. ಹಲ್ಲು ಬರ್ತಿದೆ, ಅಳದೇ ಏನು ಮಾಡ್ತಾನೆ. ನನ್ನನ್ನ ತಳ್ತಾನೆ, ಕಚ್ತಾನೆ, ಬೆನ್ನು ಬಿಲ್ಲಿನ ಹಾಗೆ ಬಗ್ಗಿಸ್ಕೊಂಡು ಕಿರುಚ್ತಾನೆ... ಎಲ್ಲ ಮಕ್ಕಳೂ ಮಾಡ್ತಾವೆ. ನಿಮ್ಮ ಲೋಟದ ರುಚಿ ಹತ್ತಿದೆಯಲ್ಲ, ಅದಕ್ಕೇ ನನ್ನ ಹತ್ರ ಕುಡಿಯಲ್ಲ! ತಪ್ಪು ನಂದಲ್ಲ.

ಯಾಕೆ ಹಾಗೆ ನೋಡ್ತೀರಿ ಅತ್ತೆ?

ಸರಿ, ಅದು ಬಿಡಿ. ಇನ್ನೊಂದು ಕೇಳ್ತೀನಿ. ಮೊನ್ನೆ ಎದುರು ಮನೆ ಶೈಲಜಮ್ಮ ಪಾನಕ ಕುಡಿಯೋಕೆ ಬಂದಿದ್ದಾಗ, ಲಕ್ಷ್ಮೀದೇವಮ್ಮನ ಮುಂದೇನೇ ಕೇಳಿದ್ರಲ್ಲ, ‘ಜಾನಕಮ್ಮ, ಸೊಸೆಗೆ ಹಾಲು ಇನ್ನೂ ಇದೆಯಾ?’ ಅಂತ. ನಾನು ಒಳಗೆ ಕೋಸಂಬರಿಗೆ ಸೌತೆಕಾಯಿ ಕೊಚ್ತಿದ್ದೆ. ಕಿವಿ ಇಲ್ಲೇ ಇತ್ತು. ನೀವೇನಂದ್ರಿ? ‘ಅಯ್ಯೋ, ಬೇಕಾದಷ್ಟು! ಪಾಪ, ಬಸ್ಸಲ್ಲಿ ಬರೋ ಹೊತ್ತಿಗೆ ರವಿಕೆ ಎಲ್ಲ ಒದ್ದೆ ಮಾಡ್ಕೊಂಡಿರ್ತಾಳೆ’ ಅಂದ್ರಿ. ಅಣಕಿಸಿದ್ರಾ ನನ್ನ? ಬೇಕೂಂತಲೇ ನನಗೆ ಕೇಳಿಸೋ ಹಾಗೆ ಅಂದ್ರಾ? ಯಾಕಂದ್ರೆ ಈ ಮನೇಲಿ ಬಟ್ಟೆ ಒಗೆಯೋಕೆ ಹಾಕೋರು ನೀವು, ತಂತಿ ಮೇಲೆ ಹರಡೋರು ನೀವು. ಮಾವನವರ ಹಳೇ ಪಂಚೆ ಹರಿದು, ಮಡಿಸಿ ಹೊಲಿದು, ರವಿಕೆಯೊಳಗೆ ಇಟ್ಕೋಮ್ಮ ಅಂತ ಕೊಟ್ಟೋರೂ ನೀವೇ. ದಿನಾ ನಾಲ್ಕು ಐದು ತುಂಡು ಒಗೆಯೋಕೆ ಬೀಳ್ತಿತ್ತು. ಶಿವರಾತ್ರಿ ಆದ್ಮೇಲೆ ಒಂದೂ ಬಿದ್ದಿಲ್ಲ. ಬೀರೂಲಿ ಇಟ್ಟಿದ್ದು ಇಟ್ಟ ಹಾಗೇ ಇದೆ. ಅದು ನಿಮ್ಮ ಕಣ್ಣಿಗೆ ಬಿದ್ದೇ ಇರತ್ತೆ, ಆದ್ರೂ ನೀವು ಶೈಲಜಮ್ಮಂಗೆ...

...

ಅತ್ತೆ?

ನಿಮಗೆ... ಗೊತ್ತಿತ್ತಾ?

ಇಲ್ಲ ಅನ್ನಿ. ತಲೆ ಆಡಿಸಿ, ಇಲ್ಲ ಅಂತ. ಇಷ್ಟು ಹೊತ್ತಿಂದ ಎಲ್ಲಕ್ಕೂ ಆಡಿಸಿದ್ರಲ್ಲ, ಇದಕ್ಕೂ ಆಡಿಸಿ... ಯಾಕೆ ಸುಮ್ಮನೆ ಕೂತ್ಬಿಟ್ರಿ? ಅತ್ತೆ, ಹಾಗೆ ಕೂರಬೇಡಿ. ಕೈ ಮುಗೀತೀನಿ. ಹೌದು ಅಂತಾದ್ರೂ...

ಜ್ವರ ಬಂದಿತ್ತಲ್ಲ ನಂಗೆ, ಶಿವರಾತ್ರಿ ವಾರ... ಅದು ಇಳಿದ ಮೇಲೆ ಹಾಲು... ಬರತ್ತೆ, ನಾಳೆ ಬರತ್ತೆ ಅಂದ್ಕೊಂಡೆ. ಮೆಂತ್ಯದ ಗಂಜಿ ಕುಡಿದೆ. ಸಬ್ಬಸಿಗೆ ತಿಂದೆ. ಬರೀ ಎದೇನ ಅವನ ಬಾಯಿಗೆ ಇಟ್ಟುಕೊಂಡು ಕೂರ್ತಿದ್ದೆ ಅತ್ತೆ, ರೂಮಲ್ಲಿ. ಅವನು ಎಳೆದೂ ಎಳೆದೂ ನನ್ನ ಮುಖ ನೋಡೋನು... ಅವನ ಅಳು ಆಚೆ ಕೇಳಿಸಬಾರದು ಅಂತ ರೇಡಿಯೋ...

ಆದ್ರೂ ಮಗು ಸೊರಗಲಿಲ್ಲ. ತೂಕ ಹಾಕಿದಾಗ ಡಾಕ್ಟ್ರು, ‘ಭೇಷ್, ಚೆನ್ನಾಗಿ ಬೆಳೀತಿದ್ದಾನೆ’ ಅಂದ್ರು. ನಾನು ಮೂರ್ಖಳು, ದೇವರು ದೊಡ್ಡೋನು ಅಂದ್ಕೊಂಡು ಬಸ್ಸು ಹತ್ತಿದೆ. ಮಹಡಿ ಮೇಲೆ ಕತ್ತಲೇಲಿ ಕೂತು ನೀವು ಹೊಟ್ಟೆ ತುಂಬಿಸ್ತಿದ್ರಿ. ಒಬ್ಬರಿಗೂ ಹೇಳ್ಲಿಲ್ಲ. ನಿಮ್ಮ ಮಗನಿಗೂ ಹೇಳ್ಲಿಲ್ಲ. ನಂಗೂ...

ಬೇಡ, ಹತ್ತಿ ತೆಗೀಬೇಡಿ! ರಕ್ತ ಬರತ್ತೆ. ಏನೂ ಹೇಳಬೇಡಿ ಈಗ.

ಓ... ನೋಡಿ, ಲೋಟಕ್ಕೆ ಕೈ ಚಾಚ್ತಿದ್ದಾನೆ. ಇನ್ನೂ ಉಳಿದಿದೆಯಾ? ನೀರಾ? ಬಾ ಕಂದ, ಬಾ, ಅಮ್ಮನ ಹತ್ರ... ತಳ್ಳಲಿಲ್ಲ, ನೋಡಿದ್ರಾ, ಬಂದ. ನಂಗೆ ಬರಲ್ಲ ಅತ್ತೆ, ನಾನು ಒಂದು ದಿನಾನೂ ಹೀಗೆ ಕುಡಿಸಿಲ್ಲ. ಎಷ್ಟು ಓರೆ ಮಾಡ್ಬೇಕು? ಇಷ್ಟಾ? ಇನ್ನೂ ಸ್ವಲ್ಪಾನಾ? ನನ್ನ ಕೈ ಹಿಡ್ಕೊಳ್ಳಿ... ಹಾಂ, ಹಾಗೆ... ಬಿಡಬೇಡಿ.