ಮೋಟಾರಿನ ಬಾಯಿಗೆ ಕಟ್ಟಿದ ಸ್ಪಂಜು

ಮತ್ತೆ ಬಾಯಿ ಹಾಕಿದಿರಾ! ಒಬ್ಬಳಿಗೆ ನೀರು ಬೇಕು, ಇನ್ನೊಬ್ಬನಿಗೆ ಹೊದಿಕೆ ಸಾಲದು. ಇನ್ನೊಂದು ಸಲ ತಡೆದರೆ ದೀಪ ಆರಿಸಿ ಮಲಗಿಬಿಡ್ತೀನಿ. ಇದು ಕಟ್ಟುಕತೆಯಲ್ಲ, ನಮ್ಮ ದೊಡ್ಡಪ್ಪನ ಮಗಳಿಗೆ ಆದದ್ದು.

ಅಕ್ಕ ಹಲ್ಲಿನ ಡಾಕ್ಟರ ಆಸ್ಪತ್ರೆಯಲ್ಲಿ ಕಸ ಗುಡಿಸುತ್ತಿದ್ದಳು. ಅಲ್ಲೊಂದು ಉಪ್ಪುನೀರಿನ ಗಾಜಿನ ತೊಟ್ಟಿ. ಒಳಗೆ ನೀರು ಎಳೆದು ತಿರುಗಿಸುವ ಮೋಟಾರು, ಮೀನು, ಜೀವಂತ ಹವಳಗಳು, ನಡುವೆ ಒಂದು ಕಡಲಹೂವು. ಹೂವು ಅನ್ನೋದು ಹೆಸರಿಗಷ್ಟೇ. ಅದು ಪ್ರಾಣಿ, ತೆವಳುತ್ತೆ, ಮುಟ್ಟಿದರೆ ಉರಿಯುತ್ತೆ. ತೊಟ್ಟಿಯನ್ನು ಮಗುವಿನ ಹಾಗೆ ಸಾಕಿದವರು ಡಾಕ್ಟರ ಹೆಂಡತಿ, ಅಮ್ಮಾವ್ರು. ತೀರಿಕೊಳ್ಳುವ ಮುಂಚೆ ಅಕ್ಕನ ಕೈ ಹಿಡಿದು ಹೇಳಿದ್ದರು: "ಮೋಟಾರಿನ ಬಾಯಿಗೆ ಸ್ಪಂಜು ಕಟ್ಟದೆ ಸ್ವಿಚ್ ಹಾಕಬೇಡ ಕಣೇ. ಹೂವು ಸಿಕ್ಕಿ ಚೂರಾದರೆ, ಅದರ ವಿಷಕ್ಕೆ ಹವಳವೆಲ್ಲ ಸಾಯುತ್ತೆ."

ಅಕ್ಕ ಹೂಂ ಅಂದಿದ್ದಳು.

ಅವತ್ತು ಕತ್ತಲಾಗಿತ್ತು. ಮನೆಗೆ ಬರುತ್ತಾ ಹಾಳು ಬಾವಿಯ ಹತ್ತಿರ ಗಕ್ಕನೆ ನಿಂತಳು. ಸ್ಪಂಜು! ತೊಳೆದು ಕಿಟಕಿಯಲ್ಲಿ ಒಣಗಲು ಇಟ್ಟವಳು ಹಾಗೇ ಸ್ವಿಚ್ ಹಾಕಿ ಬಂದಿದ್ದಳು... ನಾಳೆ ನೋಡಿದರಾಯ್ತು ಅಂದುಕೊಂಡು ಹೆಜ್ಜೆ ಎತ್ತಿದಳು.

ಟಿಣ್... ಟಿಣ್...

ಬಾವಿಯೊಳಗಿಂದ. ಗಾಜಿಗೆ ಉಂಗುರ ತಾಗುವ ಸದ್ದು. ಅಮ್ಮಾವ್ರು ಮೀನುಗಳನ್ನು ಕರೆಯುತ್ತಿದ್ದದ್ದು ಹಾಗೇ.

ಅಕ್ಕ ಎದ್ದೂ ಬಿದ್ದೂ ವಾಪಸ್ ಓಡಿದಳು. ಬೀಗ ತೆಗೆದರೆ... ಮೋಟಾರಿನ ಸದ್ದಿಲ್ಲ. ಸ್ವಿಚ್ ಯಾರೋ ಆರಿಸಿದ್ದರು. ತೊಟ್ಟಿಯಲ್ಲಿ ಅರ್ಧ ಹೂವು. ಇನ್ನರ್ಧ ಲೋಳೆಲೋಳೆಯಾಗಿ ತೇಲುತ್ತಿತ್ತು.

"ಅಮ್ಮಾವ್ರೇ... ತಪ್ಪಾಯ್ತು."

"ಅಳು ಆಮೇಲೆ." ಕಿವಿಯ ಹತ್ತಿರವೇ. "ಹವಳ ಮೊದಲು."

ಅಕ್ಕ ಹಿಂದೆ ತಿರುಗಲಿಲ್ಲ. ಹವಳಗಳನ್ನು ಒಂದೊಂದಾಗಿ ಹೊಸ ಉಪ್ಪುನೀರಿನ ಬಕೆಟ್ಟಿಗೆ ಇಳಿಸಿ, ಗಾಳಿಯ ಕೊಳವೆ ಬಿಟ್ಟಳು. ಚೂರುಗಳನ್ನು ಬಲೆಯಲ್ಲಿ ಸೋಸಿದಳು, ತೊಟ್ಟಿಯ ನೀರು ಬದಲಿಸಿದಳು. ಮೋಟಾರು ಮುಟ್ಟಲು ಮಾತ್ರ ಕೈ ಬರಲಿಲ್ಲ. ಸ್ಪಂಜನ್ನು ಕಿಟಕಿಯಲ್ಲೇ ಬಿಟ್ಟು ಬೀಗ ಹಾಕಿದಳು.

ಬೆಳಿಗ್ಗೆ ಅಕ್ಕ ಬಂದಾಗ ಡಾಕ್ಟರು ತೊಟ್ಟಿಯ ಪಕ್ಕದ ಬಕೆಟ್ಟಿನ ಮೇಲೆ ಬಗ್ಗಿ ನಿಂತಿದ್ದರು. ಮೋಟಾರು ಗುಂಯ್ ಅನ್ನುತ್ತಿತ್ತು.

"ಹವಳ ಒಂದೂ ಸತ್ತಿಲ್ಲ. ಎಲ್ಲಾ ಉಳಿಸಿಬಿಟ್ಟೆಯಲ್ಲಮ್ಮ!"

ಆ ಹೊಗಳಿಕೆ ಕೆನ್ನೆಗೆ ಬಾರಿಸಿದ ಹಾಗಾಯಿತು. ಹಾಳು ಮಾಡಿದ್ದೂ ನಾನೇ ಅಂತ ಹೇಳಲು ಅಕ್ಕ ಬಾಯಿ ತೆರೆದಳು. ಅಷ್ಟರಲ್ಲಿ ಕಣ್ಣಿಗೆ ಬಿತ್ತು... ಮೋಟಾರಿನ ಬಾಯಿಗೆ ಸ್ಪಂಜು, ದಾರದಿಂದ ಬಿಗಿದು. ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಆ ದಾರವನ್ನು ನಾನೇ ಮುಟ್ಟಿ ನೋಡಿದ್ದೀನಿ.

"ಇದು ನನ್ನವಳು ಹಾಕ್ತಿದ್ದ ಎಡಗೈ ಗಂಟು." ಡಾಕ್ಟರ ದನಿ ಇಳಿದುಹೋಗಿತ್ತು. "ನಿನಗೆ ಯಾವಾಗ ಕಲಿಸಿದಳು?"